ಹಳೆ ಕಾರಿಗೆ ಹಿಂಬದಿ ರೇಡಾರ್ ಕೂರಿಸಿದ್ದು: ದಿನದ ಪ್ರಕಾರ ಟಿಪ್ಪಣಿ

ನನ್ನ ಕಾರು ಹಳೆಯದು. ಹಿಂದೆ ಪಾರ್ಕಿಂಗಿಗೆ ಬೀಪ್ ಅನ್ನುವ ಅಲ್ಟ್ರಾಸಾನಿಕ್ ಸೆನ್ಸರ್ ಬಿಟ್ಟರೆ ಬೇರೇನೂ ಇಲ್ಲ. ಅದು ಎರಡು ಮೀಟರ್ ಆಚೆ ಏನನ್ನೂ ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಬೇರೆ. ಕಾರು ಓಡುತ್ತಿರುವಾಗ ಹಿಂದಿನಿಂದ ಯಾವ ಬದಿಯಲ್ಲಿ ಗಾಡಿ ಬರುತ್ತಿದೆ, ಎಷ್ಟು ಬೇಗ ಬರುತ್ತಿದೆ ಅಂತ ಗೊತ್ತಾಗಬೇಕು, ಆ ಬದಿಯ ಕನ್ನಡಿ ಹತ್ತಿರ ಒಂದು ಹಳದಿ ಎಲ್‌ಇಡಿ ಹತ್ತಬೇಕು. ಅಷ್ಟೇ. ಬ್ರೇಕಿಗಾಗಲಿ ಸ್ಟಿಯರಿಂಗಿಗಾಗಲಿ ಒಂದು ತಂತಿಯನ್ನೂ ಮುಟ್ಟಿಸುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಆರು ವಾರ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಗೀಚಿದ್ದನ್ನು ಇಲ್ಲಿ ಇಳಿಸುತ್ತಿದ್ದೇನೆ, ಕೆಟ್ಟ ಪ್ರಯತ್ನಗಳನ್ನೂ ಸೇರಿಸಿ. ಪೂರ್ತಿ ಓದಲು ಸಮಯ ಇಲ್ಲದಿದ್ದರೆ ದಿನ 19 ಮತ್ತು ದಿನ 24 ಮಾತ್ರ ಓದಿ.

ಬಳಸಿದ ಸಾಮಾನು: ಎಡಬ್ಲ್ಯುಆರ್1642 ಬೂಸ್ಟ್ ರೇಡಾರ್ ಬೋರ್ಡ್ (76ರಿಂದ 81 ಗಿಗಾಹರ್ಟ್ಸ್, ಕಳಿಸುವ ಆಂಟೆನಾ 2, ಹಿಡಿಯುವ ಆಂಟೆನಾ 4), ರಾಸ್ಪ್‌ಬೆರಿ ಪೈ 4 (ಚಿಕ್ಕ ಕಂಪ್ಯೂಟರ್), ಎಂಸಿಪಿ2515 ಚಿಪ್ಪಿನ ಕ್ಯಾನ್ ಬೋರ್ಡ್ (ಕಾರಿನ ಒಳಗಿನ ನೆಟ್ವರ್ಕ್ ಜೊತೆ ಮಾತಾಡಲು), 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್, 3 ಆಂಪಿಯರ್ ಫ್ಯೂಸ್, ಎಬಿಎಸ್ ಪ್ಲಾಸ್ಟಿಕ್ ಹಾಳೆ, 1 ಮಿಮೀ ಅಲ್ಯೂಮಿನಿಯಂ ತಗಡು. ಅಳೆಯೋಕೆ ವರ್ನಿಯರ್ ಕ್ಯಾಲಿಪರ್, ಡಿಜಿಟಲ್ ಆಂಗಲ್ ಗೇಜ್, ಮೂಲೆಮಟ್ಟ, ಟೇಪು, ದಾರ, ಮಲ್ಟಿಮೀಟರ್. ಖರ್ಚಿನಲ್ಲಿ ಮುಕ್ಕಾಲು ಪಾಲು ರೇಡಾರ್ ಬೋರ್ಡಿಗೇ ಹೋಯಿತು.

ದಿನ 1, 2: ಮೇಜಿನ ಮೇಲೆ

ಬೋರ್ಡನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ಎರಡು ಸೀರಿಯಲ್ ಪೋರ್ಟ್ ಕಾಣುತ್ತವೆ. ಒಂದು ಆದೇಶ ಕೊಡಲು, 115200 ಬಾಡ್. ಇನ್ನೊಂದು ಡೇಟಾ ಬರಲು, 921600. ಪ್ರತಿ ಫ್ರೇಮ್ (ರೇಡಾರ್ ಒಂದು ಸಲ ನೋಡಿದ್ದರ ಡೇಟಾ) 02 01 04 03 06 05 08 07 ಅನ್ನುವ ಎಂಟು ಬೈಟಿನಿಂದ ಶುರುವಾಗುತ್ತದೆ, ಅದನ್ನು ಹುಡುಕಿ ಅಲ್ಲಿಂದ ಓದಬೇಕು.

ಮೊದಲ ತಪ್ಪು ಇಲ್ಲೇ. ಹಿಂದೆ ಇದೇ ಕುಟುಂಬದ 1443 ಬೋರ್ಡಿಗೆ ಅಂತ ಬರೆದಿಟ್ಟಿದ್ದ ಕೋಡನ್ನೇ ಹಾಕಿದೆ. ಅದರ ಹೆಡರ್ (ಫ್ರೇಮಿನ ತಲೆಭಾಗ) 36 ಬೈಟ್, ಇದರದ್ದು 40. ನಾಲ್ಕು ಬೈಟ್ ಸರಿದ ಕಾರಣ ಪ್ರತಿ ಚುಕ್ಕೆಯೂ (ರೇಡಾರ್ ಕಂಡ ಒಂದೊಂದು ಬಿಂದು) ಕಸವಾಗಿ ಬಂತು. ಒಂದು ಸಂಜೆ ಪೂರ್ತಿ ಆಂಟೆನಾ ಕೆಟ್ಟಿದೆ ಅಂದುಕೊಂಡು ಕೂತಿದ್ದೆ. ಆಮೇಲೆ ಫ್ರೇಮಿನಲ್ಲಿ, ಇಡೀ ನೋಟದ ಬಣ್ಣದ ಚಿತ್ರಕ್ಕೆ ಬೇಕಾದ ಹೀಟ್‌ಮ್ಯಾಪ್ ಕಳಿಸುವುದನ್ನೂ ಆಫ್ ಮಾಡಿದೆ. 921600 ಬಾಡ್ ಅಂದರೆ ಸೆಕೆಂಡಿಗೆ 92 ಕಿಲೋಬೈಟ್ ಅಷ್ಟೇ, ಹೀಟ್‌ಮ್ಯಾಪ್ ಹಾಕಿದರೆ ಸೆಕೆಂಡಿಗೆ 20 ಫ್ರೇಮ್ ಬರುವುದೇ ಇಲ್ಲ.

ದಿನ 3: ಕಾರ್ನರ್ ರಿಫ್ಲೆಕ್ಟರ್

ಅಳತೆಗೆ ಒಂದು ನಂಬಿಕಸ್ಥ ಗುರಿ ಬೇಕು. ತಗಡಿನಲ್ಲಿ ಮೂರು ತ್ರಿಕೋನ ಕತ್ತರಿಸಿ, ಮೂರೂ ಒಂದಕ್ಕೊಂದು 90 ಡಿಗ್ರಿ ಇರುವಂತೆ ಮೂಲೆ ಮಾಡಿದೆ. ಮೂಲೆಯಿಂದ ಹೊರಡುವ ಅಂಚು 10 ಸೆಂಮೀ. ಚಿಕ್ಕದಾದರೂ 77 ಗಿಗಾಹರ್ಟ್ಸ್‌ನಲ್ಲಿ ಇದರ ರೇಡಾರ್ ಕ್ರಾಸ್ ಸೆಕ್ಷನ್ ಲೆಕ್ಕಕ್ಕೆ ಸುಮಾರು 27 ಚದರ ಮೀಟರ್ ಬರುತ್ತದೆ, ಅಂದರೆ ರೇಡಾರ್ ಕಣ್ಣಿಗೆ ಒಂದು ಕಾರಿನಷ್ಟು. ಅದೇ ತಗಡು 24 ಗಿಗಾಹರ್ಟ್ಸ್‌ನಲ್ಲಿ ಬರೀ 2.7.

ಮೊದಲನೆಯದನ್ನು ಕೈಯಲ್ಲೇ ಮಡಚಿದ್ದೆ, ಒಂದು ಕೋನ 87 ಡಿಗ್ರಿ ಆಗಿತ್ತು. ನೋಡೋಕೆ ಏನೂ ವ್ಯತ್ಯಾಸ ಇಲ್ಲ. ಆದರೆ ಅದನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಸಿಗ್ನಲ್ ಏರಿಳಿಯುತ್ತಿತ್ತು. ಎರಡನೆಯದನ್ನು ಮೂಲೆಮಟ್ಟ ಇಟ್ಟು ಮಾಡಿದೆ, ಅದು ಅಲುಗಾಡದೆ ನಿಂತಿತು. ಈ ತಗಡಿನ ಮೂಲೆ ಇಲ್ಲದೆ ಮುಂದಿನ ಯಾವ ಅಳತೆಯೂ ಆಗುತ್ತಿರಲಿಲ್ಲ. ಈ ಕೆಲಸಕ್ಕೆ ಕೈ ಹಾಕುವವರು ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿಕೊಳ್ಳಿ.

ದಿನ 5ರಿಂದ 9: ಮುಚ್ಚಳ, ಮೂರು ಸಲ

ಬೋರ್ಡನ್ನು ಬಂಪರ್ ಒಳಗೇ ಬಚ್ಚಿಡೋಣ ಅಂತ ಆಸೆ ಇತ್ತು. ಬಂಪರಿನ ಒಂದು ಹಳೇ ತುಂಡು ಸಿಕ್ಕಿತು, ಬೆಳ್ಳಿ ಬಣ್ಣದ ಮೆಟಾಲಿಕ್ ಪೇಂಟ್, ದಪ್ಪ 3.2 ಮಿಮೀ. ರಿಫ್ಲೆಕ್ಟರನ್ನು 10 ಮೀಟರ್ ದೂರ ನಿಲ್ಲಿಸಿ, ತುಂಡನ್ನು ಆಂಟೆನಾ ಮುಂದೆ ಹಿಡಿದೆ. ಸಿಗ್ನಲ್ 7 ಡಿಬಿ (ಡೆಸಿಬೆಲ್) ಇಳಿಯಿತು, ಅಂದರೆ ಸುಮಾರು ಐದನೇ ಒಂದು ಭಾಗಕ್ಕೆ. ಹೋಗುವಾಗಲೂ ಬರುವಾಗಲೂ ಅದನ್ನೇ ದಾಟಬೇಕಲ್ಲ. ಮೆಟಾಲಿಕ್ ಪೇಂಟಿನಲ್ಲಿ ಅಲ್ಯೂಮಿನಿಯಂ ಚೂರುಗಳೇ ಇರುತ್ತವೆ, ರೇಡಾರಿಗೆ ಅದು ಅರ್ಧ ಕನ್ನಡಿ ಇದ್ದ ಹಾಗೆ. ಆ ಯೋಚನೆ ಅಲ್ಲಿಗೇ ಬಿಟ್ಟೆ. ಬಂಪರಿನ ಕೆಳಗೆ ಪೇಂಟ್ ಇಲ್ಲದ ಕಪ್ಪು ಭಾಗ ಇದೆ, ಅಲ್ಲಿ ಕಿಟಕಿ ಕತ್ತರಿಸಿ ಡಬ್ಬಿ ಕೂರಿಸುವುದು ಅಂತಾಯ್ತು.

ಡಬ್ಬಿ 1: 3 ಮಿಮೀ ಎಬಿಎಸ್ ಮುಚ್ಚಳ. 3 ಡಿಬಿ ನಷ್ಟ. ದಪ್ಪ ಇದ್ದರೆ ಗಟ್ಟಿ ಅಂತ ಆರಿಸಿದ್ದೆ, ಅದೇ ತಪ್ಪಾಯಿತು. ಈ ಅಲೆಯ ಉದ್ದ ಗಾಳಿಯಲ್ಲಿ 3.9 ಮಿಮೀ. ಎಬಿಎಸ್ ಒಳಗೆ ಅರ್ಧ ಅಲೆ ಸುಮಾರು 1.2 ಮಿಮೀ ಆಗುತ್ತದೆ. ಮುಚ್ಚಳ ಅರ್ಧ ಅಲೆಯ ಪೂರ್ಣ ಗುಣಕದಷ್ಟೇ ದಪ್ಪ ಇರಬೇಕು, 1.2 ಅಥವಾ 2.4. ನಾನು ಹಾಕಿದ 3 ಮಿಮೀ ಸರಿಯಾಗಿ ನಡುವೆ ಬಿದ್ದು, ಅತಿ ಕೆಟ್ಟ ಜಾಗದಲ್ಲಿತ್ತು.

ಡಬ್ಬಿ 2: 2.4 ಮಿಮೀ. ನಷ್ಟ 1 ಡಿಬಿಗಿಂತ ಕಡಿಮೆ. ಖುಷಿಯಾಗಿ ಸಿಲಿಕೋನ್ ಹಾಕಿ ಮುಚ್ಚಿಬಿಟ್ಟೆ. ಮಾರನೇ ದಿನ ನೋಡಿದರೆ ಅರ್ಧ ಮೀಟರ್ ಹತ್ತಿರ ಒಂದು ಚುಕ್ಕೆ ಹೋಗುವುದೇ ಇಲ್ಲ. ಮುಚ್ಚಳ ಆಂಟೆನಾಗೆ ಸಮಾನಾಂತರವಾಗಿ ನಿಂತಿತ್ತು, ಸ್ವಲ್ಪ ಸಿಗ್ನಲ್ ಅಲ್ಲಿಂದಲೇ ವಾಪಸ್ ಬರುತ್ತಿತ್ತು.

ಡಬ್ಬಿ 3: ಅದೇ 2.4 ಮಿಮೀ, ಆದರೆ ಮುಚ್ಚಳದ ಮೇಲಂಚು 12 ಡಿಗ್ರಿ ಹೊರಕ್ಕೆ ಬಾಗಿದೆ. ಚುಕ್ಕೆ ಪೂರ್ತಿ ಹೋಗಲಿಲ್ಲ, ತುಂಬಾ ಮಂಕಾಯಿತು. ಕೋಡಿನಲ್ಲಿ 1.2 ಮೀಟರ್ ಒಳಗಿನದ್ದನ್ನು ಬಿಟ್ಟುಬಿಡು ಅಂತ ಬರೆದೆ. ಕ್ಯಾಲಿಪರಿನಲ್ಲಿ ಮುಚ್ಚಳವನ್ನು ಐದು ಕಡೆ ಅಳೆದೆ, 2.36ರಿಂದ 2.43. ಇದೇ ಈಗಲೂ ಕಾರಿನಲ್ಲಿದೆ.

ದಿನ 11: ಕರೆಂಟು

ಡಿಕ್ಕಿಯಲ್ಲಿ ಕನ್ವರ್ಟರ್ ಇಟ್ಟು, ಅಲ್ಲಿಂದ 3 ಮೀಟರ್ ತೆಳು ತಂತಿಯಲ್ಲಿ 5 ವೋಲ್ಟ್ ಎಳೆದೆ. ಬೋರ್ಡ್ ಹತ್ತಿತು, ಆದೇಶಗಳಿಗೆ ಉತ್ತರಿಸಿತು, ರೇಡಾರ್ ಶುರು ಮಾಡು ಅಂದ ತಕ್ಷಣ ಸತ್ತುಹೋಯಿತು. ಮೂರು ಸಲ ಹೀಗೇ ಆಯ್ತು. ಬೋರ್ಡಿನ ಬಾಯಲ್ಲಿ ಮಲ್ಟಿಮೀಟರ್ ಇಟ್ಟರೆ ಸುಮ್ನೆ ಇದ್ದಾಗ 4.9, ಶುರುವಾದ ಕ್ಷಣ 4.5. ಈ ಬೋರ್ಡಿಗೆ 2.5 ಆಂಪಿಯರಿಗೂ ಜಾಸ್ತಿ ಕೊಡಬಲ್ಲ 5 ವೋಲ್ಟ್ ಸಪ್ಲೈ ಬೇಕು ಅಂತ ಕೈಪಿಡಿಯಲ್ಲೇ ಇದೆ. ಕನ್ವರ್ಟರ್ ಅಷ್ಟು ಕೊಡುತ್ತಿತ್ತು, ನನ್ನ ತಂತಿ ತಿನ್ನುತ್ತಿತ್ತು. ದೂರಕ್ಕೆ 12 ವೋಲ್ಟನ್ನೇ ಎಳೆದು, ಕನ್ವರ್ಟರನ್ನು ಬೋರ್ಡಿನಿಂದ 20 ಸೆಂಮೀ ದೂರದಲ್ಲಿಟ್ಟೆ. ಸರಿಹೋಯಿತು.

ದಿನ 13: ಕೂರಿಸುವುದು, ದಿಕ್ಕು ಹೊಂದಿಸುವುದು

ನೆಲದಿಂದ ಆಂಟೆನಾ ಮಧ್ಯಕ್ಕೆ 46 ಸೆಂಮೀ. ಕಾರನ್ನು ಸಮತಟ್ಟಾದ ಖಾಲಿ ಮೈದಾನದಲ್ಲಿ ನಿಲ್ಲಿಸಿದೆ. ಎರಡು ಹಿಂದಿನ ಚಕ್ರದಿಂದ ಸಮ ದೂರ ಅಳೆದು ಮಧ್ಯಗೆರೆಗೆ ದಾರ ಕಟ್ಟಿ, 10 ಮೀಟರ್ ಹಿಂದೆ ರಿಫ್ಲೆಕ್ಟರ್ ನಿಲ್ಲಿಸಿದೆ. ರೇಡಾರ್ ಅದನ್ನು 3.5 ಡಿಗ್ರಿ ಎಡಕ್ಕೆ ತೋರಿಸಿತು. ಕಣ್ಣಿಗೆ ಡಬ್ಬಿ ನೇರವಾಗೇ ಇತ್ತು! 3.5 ಡಿಗ್ರಿ ಅಂದರೆ 30 ಮೀಟರ್ ದೂರದಲ್ಲಿ 1.8 ಮೀಟರ್ ಪಕ್ಕಕ್ಕೆ, ಅರ್ಧ ಲೇನ್. ಹಿಂದೆ ಬರುವ ಗಾಡಿಯನ್ನು ಪಕ್ಕದ ಲೇನಿನಲ್ಲಿದೆ ಅಂತ ಹೇಳೋಕೆ ಅಷ್ಟು ಸಾಕು.

ಬೋಲ್ಟುಗಳ ನಡುವೆ 80 ಮಿಮೀ, ಹಾಗಾಗಿ ಒಂದು ಬದಿಗೆ 5 ಮಿಮೀ ವಾಷರ್ ಕೊಟ್ಟೆ. ಉಳಿದ 0.3 ಡಿಗ್ರಿಯನ್ನು ಕೋಡಿನಲ್ಲಿ ಕಳೆದೆ. ಎಲ್ಲವನ್ನೂ ಕೋಡಿನಲ್ಲೇ ಕಳೆಯಬಹುದಿತ್ತು, ಅಲ್ವಾ ಅಂತ ಗೆಳೆಯ ಕೇಳಿದ. ಲೆಕ್ಕಕ್ಕೆ ಸರಿ, ಆದರೆ ಆಂಟೆನಾ ನೋಡುವ ಹರವು ಒಂದು ಬದಿಗೆ ಜಾಸ್ತಿ ಆಗಿಯೇ ಉಳಿಯುತ್ತದೆ.

ಮೇಲೆ ಕೆಳಗೆ: ಆಂಗಲ್ ಗೇಜಿನಲ್ಲಿ 2 ಡಿಗ್ರಿ ಮೇಲಕ್ಕೆ ಎತ್ತಿಟ್ಟೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದಾಗ ಕಾರಿನ ಹಿಂಬದಿ ಕುಸಿಯುತ್ತದೆ, ರೇಡಾರ್ ನೆಲ ನೋಡೋಕೆ ಶುರು ಮಾಡುತ್ತದೆ. ಅದಕ್ಕೆ ಈ ಎರಡು ಡಿಗ್ರಿ.

ದಿನ 14ರಿಂದ 17: ನಿಂತ ಕಾರು, ಓಡುವ ಗಾಡಿಗಳು

ರಸ್ತೆ ಬದಿಯಲ್ಲಿ ನಿಲ್ಲಿಸಿ ನೋಡಿದೆ. ಗೋಡೆ, ಕಂಬ, ನಿಂತ ಗಾಡಿಗಳು, ಎಲ್ಲ ಸೇರಿ ಪರದೆ ತುಂಬ ಚುಕ್ಕೆ. ಬೋರ್ಡಿನ ಡೆಮೊ ಪ್ರೋಗ್ರಾಮಿನಲ್ಲಿ ಕ್ಲಟರ್ ರಿಮೂವಲ್ ಅಂತ ಒಂದು ಆದೇಶ ಇದೆ, ನಿಂತಿದ್ದನ್ನೆಲ್ಲ ಅಳಿಸುತ್ತದೆ. ಅದನ್ನು ಆನ್ ಮಾಡಿದೆ. ಪರದೆ ಸ್ವಚ್ಛವಾಯಿತು, ಓಡುವ ಗಾಡಿ ಮಾತ್ರ ಉಳಿದವು. ಇದು ನೆನಪಿರಲಿ.

ಇಲ್ಲಿ ಇನ್ನೊಂದು ವಿಚಿತ್ರ ಕಂಡಿತು. ನಿಧಾನ ಬರುವ ಗಾಡಿ ಸರಿಯಾಗಿ ಕಾಣುತ್ತಿತ್ತು. ಜೋರಾಗಿ ಬರುವ ಗಾಡಿ ದೂರ ಹೋಗುತ್ತಿದೆ ಅಂತ ತೋರಿಸುತ್ತಿತ್ತು, ಜೊತೆಗೆ ನೇರ ಹಿಂದೆ ಇರುವುದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾರುತ್ತಿತ್ತು. ಕೋನದ ಕೋಡಿನಲ್ಲಿ ಎರಡು ದಿನ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ. ನನ್ನ ಚಿರ್ಪ್ (ರೇಡಾರ್ ಕಳಿಸುವ ಒಂದು ಚಿಕ್ಕ ಸಿಗ್ನಲ್) ಒಂದಕ್ಕೆ 60 ಮೈಕ್ರೋಸೆಕೆಂಡ್, ಎರಡು ಆಂಟೆನಾ ಸರದಿಯಲ್ಲಿ ಕಳಿಸುವುದರಿಂದ ಒಂದು ಸುತ್ತಿಗೆ 120. ಅಷ್ಟಕ್ಕೆ ಅಳೆಯಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 8.1 ಮೀಟರ್, ಅಂದರೆ ಗಂಟೆಗೆ 29 ಕಿಮೀ. ಅದನ್ನು ಮೀರಿದರೆ ವೇಗ ಸುತ್ತಿ ಆ ಕಡೆಯಿಂದ ಬರುತ್ತದೆ: ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹತ್ತಿರ ಬರುವ ಗಾಡಿ 4.2 ಮೀಟರ್ ವೇಗದಲ್ಲಿ ದೂರ ಹೋಗುವಂತೆ ಕಾಣುತ್ತದೆ. ಕೋನದ ಲೆಕ್ಕದಲ್ಲಿ ಗಾಡಿಯ ವೇಗಕ್ಕೆ ಒಂದು ತಿದ್ದುಪಡಿ ಇರುತ್ತದೆ, ವೇಗವೇ ತಪ್ಪಾದರೆ ಕೋನವೂ ಕೆಡುತ್ತದೆ. ಎಡ ಬಲ ಹಾರಾಟಕ್ಕೆ ಕಾರಣ ಅದು.

ಚಿರ್ಪನ್ನು 25 ಮೈಕ್ರೋಸೆಕೆಂಡಿಗೆ, ನಡುವಿನ ಬಿಡುವನ್ನು 7ಕ್ಕೆ ಇಳಿಸಿದೆ. ಗರಿಷ್ಠ ವೇಗ ಸೆಕೆಂಡಿಗೆ 15.2 ಮೀಟರ್ ಆಯ್ತು, ಗಂಟೆಗೆ 55 ಕಿಮೀ. ಇದು ಎರಡು ಗಾಡಿಗಳ ವೇಗದ ವ್ಯತ್ಯಾಸ, ಹಾಗಾಗಿ ಹಿಂದಿನಿಂದ ಬರುವವರಿಗೆ ಸಾಕು. ಆದರೆ ಸುಮ್ನೆ ಸಿಗಲಿಲ್ಲ. 80 ಮೀಟರ್ ದೂರ ಬೇಕು ಅಂತ ಹೊಂದಿಸಿದಾಗ ದೂರದ ಸೂಕ್ಷ್ಮತೆ 62 ಸೆಂಮೀಗೆ ಇಳಿಯಿತು. ಮೇಜಿನ ಮೇಲೆ ಅದು 4 ಸೆಂಮೀ ಇತ್ತು.

ದಿನ 19: ದೊಡ್ಡ ತಪ್ಪು

ಮೊದಲ ಸಲ ರಸ್ತೆಗೆ ಇಳಿದೆ. ನಾನು ಓಡಿಸುತ್ತಿದ್ದೆ, ತಂಗಿ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು, ಗೆಳೆಯ ತನ್ನ ಕಾರಿನಲ್ಲಿ ಹಿಂದೆ ಬರುತ್ತಿದ್ದ. ಇಬ್ಬರೂ ಗಂಟೆಗೆ 40. ಸ್ವಲ್ಪ ಹೊತ್ತಿಗೆ ತಂಗಿ, "ಅಣ್ಣ, ಹಿಂದೆ ಯಾರೂ ಇಲ್ಲ ಅಂತ ತೋರಿಸ್ತಿದೆ" ಅಂದಳು. ಕನ್ನಡಿ ನೋಡಿದೆ. ಗೆಳೆಯನ ಕಾರು 15 ಮೀಟರ್ ಹಿಂದೆ, ನೇರವಾಗಿ. "ಗೋಡೆ, ಕಂಬ ಎಲ್ಲ ಕಾಣ್ತಿದೆ. ಅವರ ಕಾರು ಮಾತ್ರ ಇಲ್ಲ."

ಗಾಡಿ ಪಕ್ಕಕ್ಕೆ ಹಾಕಿ ಕೂತು ಯೋಚಿಸಿದಾಗ ಕೈಕಾಲು ತಣ್ಣಗಾಯಿತು. ಕ್ಲಟರ್ ರಿಮೂವಲ್ ಅಳಿಸುವುದು ನೆಲಕ್ಕೆ ಅಂಟಿ ನಿಂತದ್ದನ್ನಲ್ಲ, ರೇಡಾರಿಗೆ ಹೋಲಿಸಿದರೆ ನಿಂತದ್ದನ್ನು. ನನ್ನ ಕಾರು ನಿಂತಾಗ ಅವೆರಡೂ ಒಂದೇ. ಓಡುವಾಗ ಕಂಬ, ಗೋಡೆ ಎಲ್ಲ ಹಿಂದಕ್ಕೆ ಓಡುತ್ತವೆ, ನನ್ನಷ್ಟೇ ವೇಗದಲ್ಲಿ ಬೆನ್ನಿಗೆ ಅಂಟಿಕೊಂಡು ಬರುವ ಗಾಡಿಯ ವೇಗ ಮಾತ್ರ ಸೊನ್ನೆ. ಅಂದರೆ ಯಾವ ಗಾಡಿಯನ್ನು ತಪ್ಪದೆ ತೋರಿಸಬೇಕೋ ಅದನ್ನೇ ನಾನು ಅಳಿಸುತ್ತಿದ್ದೆ. ಐದು ದಿನ ಆ ಸ್ವಚ್ಛ ಪರದೆ ನೋಡಿ ಖುಷಿಪಟ್ಟಿದ್ದೆ. ಗೆಳೆಯ ಹಿಂದೆ ಬರದೆ, ಬರೀ ಎಲ್‌ಇಡಿ ನೋಡಿಕೊಂಡು ಓಡಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನಿಂತ ಕಾರಿನಲ್ಲಿ ಸರಿ ಅನಿಸಿದ ಯಾವ ಸೆಟ್ಟಿಂಗನ್ನೂ ಓಡುವ ಕಾರಿನಲ್ಲಿ ಮತ್ತೊಮ್ಮೆ ನೋಡದೆ ಬಿಡಬೇಡಿ. ದಯವಿಟ್ಟು.

ಆಫ್ ಮಾಡಿದೆ. ಅವನ ಕಾರು ತಕ್ಷಣ ಬಂತು.

ದಿನ 21ರಿಂದ 24: ನನ್ನ ವೇಗ ನನಗೆ ಬೇಕು

ಈಗ ಕಂಬ ಗೋಡೆಗಳನ್ನು ನಾನೇ ಅಳಿಸಬೇಕು. ಅದಕ್ಕೆ ನನ್ನ ಕಾರಿನ ವೇಗ ಗೊತ್ತಿರಬೇಕು. ನಿಂತ ವಸ್ತು θ ಕೋನದಲ್ಲಿದ್ದರೆ ಅದು ನನ್ನ ವೇಗ ಗುಣಿಸು ಕಾಸ್ θ ವೇಗದಲ್ಲಿ ದೂರ ಹೋಗುತ್ತದೆ. ಅದಕ್ಕೆ ಹೊಂದುವ ಚುಕ್ಕೆಗಳನ್ನು ಬಿಟ್ಟರೆ ಉಳಿದದ್ದು ಓಡುವ ಗಾಡಿ.

ವೇಗವನ್ನು ಒಬಿಡಿ ಪೋರ್ಟಿನಿಂದ (ಕಾರಿನ ದೋಷ ಪರೀಕ್ಷೆಯ ಸಾಕೆಟ್) ತೆಗೆದೆ. ವೇಗ ಕೇಳುವ ಕೋಡ್ ಮೋಡ್ 01, ಪಿಐಡಿ 0ಡಿ, ಉತ್ತರ ಒಂದೇ ಬೈಟ್, ಗಂಟೆಗೆ ಕಿಮೀ ಲೆಕ್ಕದಲ್ಲಿ. ಕ್ಯಾನ್ ಬೋರ್ಡ್ ಮೊದಲ ದಿನ ಮಾತೇ ಆಡಲಿಲ್ಲ. ಕಾನ್ಫಿಗ್‌ನಲ್ಲಿ ಕ್ರಿಸ್ಟಲ್ 16 ಮೆಗಾಹರ್ಟ್ಸ್ ಅಂತ ಬರೆದಿದ್ದೆ, ಬೋರ್ಡಿನ ಮೇಲಿದ್ದದ್ದು 8. ಹಾಗಾಗಿ 500 ಕಿಲೋಬಿಟ್ ಬದಲು 250ರಲ್ಲಿ ಕೂತಿತ್ತು. ಕ್ರಿಸ್ಟಲ್ ಮೇಲೆ ಏನು ಅಚ್ಚಾಗಿದೆ ಅಂತ ಕಣ್ಣಿಟ್ಟು ನೋಡಿ.

ಜಿಪಿಎಸ್ 61.8 ಅಂದಾಗ ಒಬಿಡಿ 60 ಅನ್ನುತ್ತಿತ್ತು. ಟೈರು ಸ್ವಲ್ಪ ದೊಡ್ಡದು ಹಾಕಿಸಿದ್ದರಿಂದ ಹೀಗೆ. 1.03ರಿಂದ ಗುಣಿಸಿದೆ.

40ರಲ್ಲಿ ಎಲ್ಲ ಚೆನ್ನಾಗಿತ್ತು. 60 ದಾಟಿದ ತಕ್ಷಣ ಎರಡೂ ಎಲ್‌ಇಡಿ ಹತ್ತಿ ಕೂತವು. ಖಾಲಿ ರಸ್ತೆ! ಕಾರಣ ಮತ್ತೆ ಅದೇ ಸುತ್ತು. ಗಂಟೆಗೆ 60 ಅಂದರೆ ಸೆಕೆಂಡಿಗೆ 16.7 ಮೀಟರ್, ನನ್ನ ಮಿತಿ 15.2. ದೂರ ಹೋಗುವ ಕಂಬ ಸೆಕೆಂಡಿಗೆ 13.7 ಮೀಟರಿನಲ್ಲಿ ನುಗ್ಗಿ ಬರುವಂತೆ ಕಾಣುತ್ತಿತ್ತು. ದಿನ 17ರಲ್ಲಿ ಹಿಂದಿನಿಂದ ಬರುವವರ ಬಗ್ಗೆ ಮಾತ್ರ ಯೋಚಿಸಿದ್ದೆ, ನಿಂತದ್ದರ ಬಗ್ಗೆ ಯೋಚಿಸಿರಲಿಲ್ಲ.

ಇದಕ್ಕೆ ಎರಡು ಕಡೆಯಿಂದ ಮದ್ದು ಮಾಡಿದೆ. ನಿಂತ ವಸ್ತುವಿಗೆ ಇರಬೇಕಾದ ವೇಗವನ್ನು ಲೆಕ್ಕ ಹಾಕುವಾಗ ಅದನ್ನೂ 30.4 ಮೀಟರಿನ (15.2ರ ಎರಡರಷ್ಟು) ಸುತ್ತಿನಲ್ಲಿ ಮಡಚಿ ಹೋಲಿಸಿದೆ, ಆಚೀಚೆ ಸೆಕೆಂಡಿಗೆ 1.5 ಮೀಟರ್ ಬಿಟ್ಟು. ಒಬಿಡಿ ಉತ್ತರ ತಡವಾಗಿ ಬರುವುದರಿಂದ ಜೋರು ಬ್ರೇಕ್ ಹಾಕಿದಾಗ ಅಷ್ಟು ಬಿಡುವು ಬೇಕೇ ಬೇಕು. ಆಮೇಲೆ ಪ್ರತಿ ಹೊಸ ಗುರಿಯ ದೂರವನ್ನು ಐದು ಫ್ರೇಮ್ ನೋಡಿದೆ. ದೂರ ಹೆಚ್ಚುತ್ತಿದ್ದು ಡಾಪ್ಲರ್ (ರೇಡಾರ್ ನೇರವಾಗಿ ಅಳೆದ ವೇಗ) ಮಾತ್ರ ಹತ್ತಿರ ಬರುತ್ತಿದೆ ಅಂದರೆ ದೂರವನ್ನೇ ನಂಬು, ವೇಗಕ್ಕೆ 30.4 ಸೇರಿಸು. ಕಾಲು ಸೆಕೆಂಡ್ ತಡವಾಗುತ್ತದೆ. ಆದರೆ ಸುಳ್ಳು ಎಚ್ಚರಿಕೆ ಹೆಚ್ಚಾದರೆ ಎರಡೇ ದಿನದಲ್ಲಿ ಮನಸ್ಸು ಆ ದೀಪವನ್ನು ನೋಡುವುದನ್ನೇ ಬಿಡುತ್ತದೆ, ಹಾಗಾಗಿ ಆ ಕಾಲು ಸೆಕೆಂಡ್ ಕೊಡೋಕೆ ನಾನು ತಯಾರಿದ್ದೆ.

ದಿನ 27ರಿಂದ 31: ಚುಕ್ಕೆಯಿಂದ ಗಾಡಿಗೆ

ಒಂದು ಕಾರು ಒಂದು ಚುಕ್ಕೆಯಾಗಿ ಬರುವುದಿಲ್ಲ. ಹತ್ತಿರ ಇದ್ದಾಗ ಹತ್ತು, ದೂರ ಇದ್ದಾಗ ಒಂದು, ಕೆಲವೊಮ್ಮೆ ಸೊನ್ನೆ. ಹತ್ತಿರದ, ಒಂದೇ ವೇಗದ ಚುಕ್ಕೆಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ಕಾಲ್ಮನ್ ಫಿಲ್ಟರ್ (ಹಿಂದಿನ ಅಳತೆಗಳಿಂದ ಮುಂದಿನ ಜಾಗ ಅಂದಾಜಿಸುವ ಲೆಕ್ಕ) ಕೊಟ್ಟೆ. ಐದು ಫ್ರೇಮಿನಲ್ಲಿ ಮೂರು ಸಲ ಕಂಡರೆ ಟ್ರ್ಯಾಕ್ (ಒಂದು ಗಾಡಿ ಅಂತ ಹಿಂಬಾಲಿಸುವ ಗುರಿ) ಹುಟ್ಟುತ್ತದೆ, ಸತತ ಎಂಟು ಸಲ ಕಾಣದಿದ್ದರೆ ಸಾಯುತ್ತದೆ. ಹೊಸ ಚುಕ್ಕೆಯನ್ನು ಹಳೇ ಟ್ರ್ಯಾಕಿಗೆ ಸೇರಿಸುವ ಅಳತೆ ಮೊದಲು 4 ಮೀಟರ್ ಇಟ್ಟಿದ್ದೆ. ಕಾರಿನ ಪಕ್ಕ ಬೈಕ್ ಬಂದರೆ ಎರಡೂ ಒಂದಾಗಿಬಿಡುತ್ತಿದ್ದವು. 2 ಮೀಟರಿಗೆ ಇಳಿಸಿದೆ, ಬೈಕ್ ಉಳಿಯಿತು.

ಲೋಹದ ತಡೆಬೇಲಿ ಇರುವ ರಸ್ತೆಯಲ್ಲಿ ಬೇಲಿಯ ಆಚೆ ಇನ್ನೊಂದು ಕಾರು ಓಡುತ್ತಿರುವಂತೆ ಕಾಣುತ್ತದೆ. ಬೇಲಿ ಕನ್ನಡಿಯಂತೆ ಕೆಲಸ ಮಾಡುತ್ತದೆ. ಮಧ್ಯದಿಂದ 5.25 ಮೀಟರಿಗಿಂತ ಪಕ್ಕದಲ್ಲಿರುವ ಟ್ರ್ಯಾಕನ್ನು ದೀಪಕ್ಕೆ ಕಳಿಸುವುದಿಲ್ಲ ಅಂತ ಮಾಡಿದೆ. ಬಹುಪಾಲು ಹೋಯಿತು, ಪೂರ್ತಿ ಹೋಗಿಲ್ಲ.

ದಿನ 36: ನೀರು

ಮಳೆಗೆ ಕಾಯದೆ ಪಿಚಕಾರಿಯಲ್ಲಿ ನೀರು ಹೊಡೆದು ನೋಡಿದೆ. ಹನಿಹನಿ ನಿಂತರೆ 2 ಡಿಬಿ ನಷ್ಟ. ಇಡೀ ಮುಚ್ಚಳದ ಮೇಲೆ ತೆಳು ಪದರವಾಗಿ ನಿಂತರೆ 10ಕ್ಕೂ ಜಾಸ್ತಿ. 10 ಮೀಟರ್ ದೂರದ ರಿಫ್ಲೆಕ್ಟರೇ ಮಿಣುಕತೊಡಗಿತು. ಮೇಲಂಚಿಗೆ 8 ಮಿಮೀ ಸೂರು ಅಂಟಿಸಿ, ಮುಚ್ಚಳಕ್ಕೆ ಕಾರಿನ ವ್ಯಾಕ್ಸ್ ಹಚ್ಚಿದೆ. ಈಗ ನೀರು ಹಾಳೆಯಾಗಿ ನಿಲ್ಲದೆ ಹನಿಯಾಗಿ ಜಾರುತ್ತದೆ. ಒದ್ದೆ ಕೆಸರು ಮೆತ್ತಿದರೆ ಮಾತ್ರ ಏನೂ ಮಾಡಲಾಗದು, ಒರೆಸಬೇಕು. ಅದಕ್ಕೇ ಇನ್ನೊಂದು ಸಾಲು ಕೋಡ್ ಸೇರಿಸಿದೆ: ಕಾರು 30 ಕಿಮೀ ದಾಟಿಯೂ ಹತ್ತು ಸೆಕೆಂಡ್ ಒಂದೂ ಚುಕ್ಕೆ ಬರದಿದ್ದರೆ ಎರಡೂ ಎಲ್‌ಇಡಿ ನಿಧಾನಕ್ಕೆ ಮಿನುಗುತ್ತವೆ. ಕಣ್ಣು ಮುಚ್ಚಿದ ರೇಡಾರ್ ಸುಮ್ಮನಿದ್ದರೆ ಅದನ್ನು ರಸ್ತೆ ಖಾಲಿ ಅಂತ ಓದಿಕೊಳ್ಳುತ್ತೇವೆ.

ದಿನ 42: ಈಗ ಹೇಗಿದೆ

ಕಾರುಗಳು 60 ಮೀಟರಿನಿಂದ ಗಟ್ಟಿಯಾಗಿ ಸಿಗುತ್ತವೆ, ಬೈಕುಗಳು 35ರ ಹತ್ತಿರ. ದೀಪ ಹತ್ತುವುದು ಪಕ್ಕದ ಲೇನಿನ ಗಾಡಿ 8 ಮೀಟರ್ ಒಳಗಿದ್ದರೆ, ಇಲ್ಲವೇ 3.5 ಸೆಕೆಂಡಿನಲ್ಲಿ ನನ್ನನ್ನು ಮುಟ್ಟುವಂತಿದ್ದರೆ.

ಆಗದೇ ಇರುವುದು ಎರಡು. ಕೋನದ ಸೂಕ್ಷ್ಮತೆ ಸುಮಾರು 15 ಡಿಗ್ರಿ, 20 ಮೀಟರಿನಲ್ಲಿ ಅದು 5 ಮೀಟರ್ ಅಗಲ. ಎರಡು ಲೇನಿನಲ್ಲಿ ಎರಡು ಕಾರು ಒಂದೇ ದೂರದಲ್ಲಿ ಒಂದೇ ವೇಗದಲ್ಲಿ ಬಂದರೆ ಒಂದೇ ಕಾರಾಗಿ ನಡುವೆ ಕಾಣುತ್ತವೆ. ಆಗ ಗೊತ್ತಾಗದಿದ್ದರೆ ಎರಡೂ ದೀಪ ಹತ್ತಿಸು ಅಂತ ಮಾಡಿದ್ದೇನೆ. ಇನ್ನೊಂದು, ಬೋರ್ಡ್ ಮಧ್ಯದಲ್ಲಿ ಇರುವುದರಿಂದ ನನ್ನ ಬಾಗಿಲ ಪಕ್ಕಕ್ಕೆ ಬಂದ ಗಾಡಿ ಅದಕ್ಕೆ ಕಾಣುವುದೇ ಇಲ್ಲ. ಟ್ರ್ಯಾಕ್ ಬಂಪರ್ ದಾಟಿದ ಮೇಲೆ 2 ಸೆಕೆಂಡ್ ದೀಪ ಹಿಡಿದಿಡುತ್ತೇನೆ, ಅದು ಬರೀ ಅಂದಾಜು. ಕಾರ್ಖಾನೆಯಿಂದ ಬರುವ ಕಾರುಗಳಲ್ಲಿ ಹಿಂದಿನ ಎರಡು ಮೂಲೆಗೆ ಒಂದೊಂದು ರೇಡಾರ್ ಇಡುವುದು ಇದಕ್ಕೇ. ಹಾಗಾಗಿ ಲೇನ್ ಬದಲಿಸುವ ಮೊದಲು ಈಗಲೂ ತಲೆ ತಿರುಗಿಸಿಯೇ ನೋಡುತ್ತೇನೆ.

ಎರಡನೇ ಬೋರ್ಡಿಗೆ ಹಣ ಕೂಡಿಸುತ್ತಿದ್ದೇನೆ. ಅದು ಬಂದ ಮೇಲೆ ಇದನ್ನು ಮಧ್ಯದಿಂದ ಬಿಚ್ಚಿ ಎಡ ಮೂಲೆಗೆ ಹಾಕಬೇಕು. ಮೂಲೆಯ ಕಪ್ಪು ಪ್ಲಾಸ್ಟಿಕ್ ನಿನ್ನೆ ಅಳೆದೆ, 2.9 ಮಿಮೀ, ಒಳಗೆ ಏಣುಗಳೂ ಇವೆ. ಅಲ್ಲೂ ಕಿಟಕಿ ಕತ್ತರಿಸಲೇಬೇಕು.